ಅತ್ತಿಬೆಲೆಯ ಆಚೆ, ಈಚೆ

ಕರ್ನಾಟಕ-ತಮಿಳುನಾಡು ಗಡಿಯ ಅತ್ತಿಬೆಲೆಯಲ್ಲಿ ಬೆಳಿಗ್ಗೆ ಆರಕ್ಕೆ ಹೆದ್ದಾರಿಯ ಒಂದು ಬದಿಯಲ್ಲಿ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ಸ್ ಸಿಟಿಯ ಕಡೆಗೆ ಹೋಗುವವರು ನಿಂತಿರುತ್ತಾರೆ. ಎದುರು ಬದಿಯಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಹೊಸೂರಿನ ಕಾರ್ಖಾನೆ ಬಸ್ಸಿಗೆ ಕಾಯುವವರು.

ಹೊಸೂರು ಬೆಂಗಳೂರಿನ ನೆರಳಿನಲ್ಲಿ ಬೆಳೆದ ಊರೆಂದು ನಮ್ಮಲ್ಲಿ ಹಲವರು ಹೇಳುವುದುಂಟು. ಅದು ಅರ್ಧ ಸತ್ಯ. ತಮಿಳುನಾಡು ಸರ್ಕಾರ 1971ರಲ್ಲಿ ಸ್ಥಾಪಿಸಿದ ಸಿಪ್ಕಾಟ್ ಸಂಸ್ಥೆಯು ಅಲ್ಲಿ ಕೈಗಾರಿಕಾ ಪ್ರದೇಶವನ್ನು ರೂಪಿಸಿ, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್‌ನಂಥ ಕಂಪನಿಗಳು ನೆಲೆಯೂರಿದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಭರಾಟೆ ಶುರುವಾಗುವುದಕ್ಕೆ ಮುಂಚೆಯೇ. ಬೆಂಗಳೂರಿನ ಮಾರುಕಟ್ಟೆ, ನುರಿತ ಕೆಲಸಗಾರರು ಹತ್ತಿರದಲ್ಲೇ ಇದ್ದದ್ದು ಅನುಕೂಲವಾಯಿತು, ನಿಜ. ಆದರೆ ಜಾಗ ಕೊಟ್ಟು ಕರೆದವರು ಆಚೆಯವರು.

ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಹುಡುಗರು ಯಾವ ಕಡೆ ಕೆಲಸಕ್ಕೆ ಸೇರಲಿ ಎಂದು ಕೇಳಿದಾಗ ನಾನು ಸಂಬಳದ ಅಂಕಿಯನ್ನಷ್ಟೇ ನೋಡಬೇಡಿ ಎನ್ನುತ್ತೇನೆ. ಹೊಸೂರಿನಲ್ಲಿ ಮನೆ ಬಾಡಿಗೆ ಕಡಿಮೆ, ಕನ್ನಡ, ತೆಲುಗು ಬಲ್ಲವರಿಗೂ ಊರು ಪರಕೀಯವೆನಿಸುವುದಿಲ್ಲ. ಆದ್ದರಿಂದ ಕೈಗೆ ಬಂದದ್ದರಲ್ಲಿ ಉಳಿಯುವುದು ಹೆಚ್ಚು. ಆದರೆ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹಾರುವ ಅವಕಾಶ ಬೆಂಗಳೂರಿನಲ್ಲಿರುವಷ್ಟು ಅಲ್ಲಿಲ್ಲ, ವಾಹನೋದ್ಯಮಕ್ಕೆ ಮಂಕು ಕವಿದರೆ ಊರಿಗೇ ಅದರ ಬಿಸಿ ತಟ್ಟುತ್ತದೆ. ಗುತ್ತಿಗೆ ಕೆಲಸದ ತಾಪತ್ರಯ ಎರಡೂ ಕಡೆ ಒಂದೇ.

2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂತು. ನಮ್ಮ ಪಕ್ಕದ ಮನೆಯ ಹುಡುಗ ಮಾತ್ರ ಈಗಲೂ ಹೊಸೂರಿನ ಬಸ್ಸನ್ನೇ ಹತ್ತುತ್ತಾನೆ. ಕಾರ್ಖಾನೆಯ ಕ್ಯಾಂಟೀನ್ ಊಟ ಬಿಡಲು ಮನಸ್ಸಿಲ್ಲವಂತೆ.