ಇಲ್ಲದ ಯಲ್ಲವ್ವ

ಸೆಪ್ಟೆಂಬರ್ 8, 2019, ಭಾನುವಾರ
ರಾಮದುರ್ಗ

ನಿನ್ನೆ ಸಂದರ್ಶನಕ್ಕೆ ಬಂದವರಲ್ಲಿ ಅರ್ಧ ಜನರ ಕಣ್ಣು ಕೆಂಪಗಿತ್ತು. ನಂದೂ ಹಾಗೇ ಇತ್ತು ಬಿಡಿ. ರಾತ್ರಿ ಎರಡು ಗಂಟೆ ದಾಟೋವರೆಗೆ ಎಲ್ಲರೂ ಚಂದ್ರಯಾನ-2 ನೋಡುತ್ತಾ ಕೂತಿದ್ದೆವು. ಚಂದ್ರನ ನೆಲಕ್ಕೆ ಇನ್ನು 2.1 ಕಿಲೋಮೀಟರ್ ಇದೆ ಅನ್ನುವಾಗ ಇಳಿಯಬೇಕಿದ್ದ ವಿಕ್ರಮ್ ಲ್ಯಾಂಡರ್‌ನಿಂದ ಸುದ್ದಿ ಬರೋದು ನಿಂತಿತು. "ಅಷ್ಟು ದೂರ ಹೋಗಿ ಎರಡ ಕಿಲೋಮೀಟರಿಗೆ ಕೈ ಕೊಡ್ತು ನೋಡ್ರಿ" ಅಂತ ಒಬ್ಬ ಹುಡುಗ ಬೇಜಾರು ಮಾಡಿಕೊಂಡ. ನಮ್ಮ ಲಾರಿಗಳ ಕಥೆಯೂ ಬೇರೆಯೇನಲ್ಲಪ್ಪ ಅಂದುಕೊಂಡೆ.

ಹೊಳೆ ಬಂದು ಒಂದು ತಿಂಗಳಾಯಿತು. ಆಗಸ್ಟ್ ಮೊದಲ ವಾರ ಸುರಿದ ಮಳೆಗೆ ನವಿಲುತೀರ್ಥ ಡ್ಯಾಮ್ ತುಂಬಿ, ನೀರು ಬಿಟ್ಟು, ಮಲಪ್ರಭೆ ದಂಡೆಯ ಊರುಗಳೆಲ್ಲ ಮುಳುಗಿದವು. ನಮ್ಮದು ಸಣ್ಣ ಸಂಸ್ಥೆ. ಒಂಬತ್ತು ಊರುಗಳಲ್ಲಿ 1,140 ಕುಟುಂಬಗಳಿಗೆ ಕಿಟ್ ಕೊಟ್ಟಿದ್ದೇವೆ. ಜೋಳ, ಬೇಳೆ, ಎಣ್ಣೆ, ಎರಡು ಚಾದರ, ಒಂದು ತಾಡಪತ್ರಿ, ಬಕೆಟ್, ಸೋಪು, ಹೆಣ್ಣುಮಕ್ಕಳಿಗೆ ಪ್ಯಾಡ್. ಕಾಗದದಲ್ಲಿ ಎಲ್ಲ ಸರಿ ಇದೆ. ಲಾರಿ ರಸೀದಿ ಇದೆ, ಹೆಬ್ಬೆಟ್ಟಿನ ಪಟ್ಟಿ ಇದೆ, ಫೋಟೊಗಳಂತೂ ಸಾವಿರ. ಆದರೂ ದುಡ್ಡು ಕೊಟ್ಟವರು ಒಂದೇ ಪ್ರಶ್ನೆ ಕೇಳಿದರು: ಮನೆಗೆ ಮುಟ್ಟಿತಾ? ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ನೋಡಿದ್ದು ಲಾರಿ ಖಾಲಿ ಆಗಿದ್ದನ್ನು ಮಾತ್ರ.

ಹಾಗಾಗಿ ಮನೆಗಳಿಗೇ ಹೋಗಿ ಕೇಳಿಕೊಂಡು ಬರೋಕೆ ಮೂರು ತಿಂಗಳ ಮಟ್ಟಿಗೆ ಆರು ಜನ ಫೀಲ್ಡ್ ಮಾನಿಟರ್ ಬೇಕು ಅಂತ ತೀರ್ಮಾನವಾಯಿತು. ಇದನ್ನು ಕನ್ನಡದಲ್ಲಿ ಏನನ್ನೋದು? 'ಕ್ಷೇತ್ರ ಮೇಲ್ವಿಚಾರಕರು' ಅಂತ ನೋಟಿಸ್‌ನಲ್ಲಿ ಬರೆದೆ. ಓದಿದವರು ಸೂಪರ್‌ವೈಸರ್ ಕೆಲಸ ಅಂದುಕೊಂಡರು. ಕೊನೆಗೆ ಒಬ್ಬ ಅಜ್ಜಿ ಒಳ್ಳೇ ಹೆಸರು ಕೊಟ್ಟಳು, "ಕೇಳಾಕ ಬರೋರು". ಈಗ ನಾವೂ ಹಾಗೇ ಅಂತೀವಿ.

ನೋಟಿಸ್‌ನಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಪದವಿ ಕಡ್ಡಾಯ, ಸ್ವಂತ ಬೈಕ್ ಕಡ್ಡಾಯ. 43 ಅರ್ಜಿ ಬಂದವು, ಹೆಂಗಸರದು ನಾಲ್ಕೇ. ಪ್ಯಾಡ್ ಬಂತಾ, ಸಾಕಾಯಿತಾ, ಗಂಜಿ ಕೇಂದ್ರದಲ್ಲಿ ರಾತ್ರಿ ಶೌಚಾಲಯಕ್ಕೆ ಹೋಗೋಕೆ ಹೆದರಿಕೆ ಇತ್ತಾ ಅಂತೆಲ್ಲ ಬೈಕ್ ಹುಡುಗ ಹೋಗಿ ಕೇಳ್ತಾನಾ? ಕೇಳಿದರೂ ಯಾರು ಹೇಳ್ತಾರೆ? ಎರಡೂ ಷರತ್ತು ಕಿತ್ತುಹಾಕಿ, ಬಸ್ ಚಾರ್ಜ್ ಕೊಡ್ತೀವಿ ಅಂತ ಬರೆದು, ಸ್ವಸಹಾಯ ಸಂಘಗಳಿಗೆ ಹೇಳಿ ಕಳಿಸಿದೆ. ಆಮೇಲೆ ಹದಿನೇಳು ಹೆಣ್ಣುಮಕ್ಕಳು ಬಂದರು.

ಶಿಫಾರಸ್ಸಿನ ಫೋನುಗಳ ಬಗ್ಗೆ ಬರೆಯೋದು ಬೇಡ. ಎಲ್ಲರದೂ ಒಂದೇ ಮಾತು, "ನಮ್ಮ ಹುಡುಗ ಅದಾನ್ರಿ". ಅದರಲ್ಲಿ ಇಬ್ಬರು ಕಿಟ್ ಹಂಚುವಾಗ ನಮ್ಮ ಜೊತೆಗೇ ನಿಂತು ಹೆಸರು ಕೂಗಿದವರು. ಒಳ್ಳೇ ಹುಡುಗರೇ. ಆದರೆ ಹಂಚಿದ ಕೈಯೇ ಲೆಕ್ಕ ಕೇಳೋಕೆ ಹೋದರೆ ಮಂದಿ ಬಾಯಿ ಬಿಡುತ್ತಾರಾ? ಬೇಡ ಅಂದೆ. ಬೇಜಾರಾದರು.

ಇನ್ನು ಪರೀಕ್ಷೆ. ಮಾತಿನಲ್ಲಿ ಎಲ್ಲರೂ ಜಾಣರೇ. ಅದಕ್ಕೆ 22 ಜನರನ್ನು ಹತ್ತಿರದ ಒಂದು ಊರಿಗೆ ಕರೆದುಕೊಂಡು ಹೋಗಿ ನಾಲ್ಕು ಓಣಿಗೆ ಹಂಚಿದೆ. ಕೈಗೆ ಒಂದು ಪಟ್ಟಿ, ಹನ್ನೆರಡು ಹೆಸರು, ಎರಡು ತಾಸು. ಕಿಟ್ ಬಂತಾ, ಏನೇನು ಬಂತು, ಯಾವುದು ಉಪಯೋಗಕ್ಕೆ ಬರಲಿಲ್ಲ, ಇಷ್ಟನ್ನು ಬರೆದುಕೊಂಡು ಬರಬೇಕು. ಮೊಬೈಲಿನಲ್ಲಿ ಕೋಬೊ ಅನ್ನೋ ಸರ್ವೆ ಆ್ಯಪ್‌ನ ಫಾರ್ಮ್ ಇದೆ, ನೆಟ್‌ವರ್ಕ್ ಇಲ್ಲದಿದ್ದರೂ ತುಂಬಬಹುದು. ಆದರೆ ಮೊದಲ ದಿನ ಕಾಗದವೇ ಇರಲಿ ಅಂದೆ. ಕಾಗದದಲ್ಲಿ ಹೊಡೆದುಹಾಕಿದ್ದು, ತಿದ್ದಿದ್ದು ಎಲ್ಲ ಕಾಣುತ್ತೆ. ಓಣಿಯವರಿಗೆ ಮಾತ್ರ ಕಿರಿಕಿರಿ ಆಯಿತು. ಒಂದೇ ಮನೆಗೆ ಐದಾರು ಜನ ಬಂದು ಅದನ್ನೇ ಕೇಳಿದರೆ ಇನ್ನೇನು. ಮುಂದಿನ ಸಲ ಹೀಗೆ ಮಾಡಬಾರದು.

ಪಟ್ಟಿಯ ಗುಟ್ಟು ಏನಂದರೆ, ಹನ್ನೆರಡರಲ್ಲಿ ಎರಡು ಹೆಸರು ಸುಳ್ಳು. ನಾನೇ ಹುಟ್ಟಿಸಿದ್ದು. ಇಲ್ಲದವರ ಉತ್ತರವನ್ನು ಯಾರು ಬರೆದುಕೊಂಡು ಬರುತ್ತಾರೆ ಅಂತ ನೋಡಬೇಕಿತ್ತು.

ಬಂದರು. ಒಂಬತ್ತು ಜನ ಹನ್ನೆರಡಕ್ಕೆ ಹನ್ನೆರಡು ತುಂಬಿಕೊಂಡು ಬಂದರು, ಎಲ್ಲ 'ಬಂದಿದೆ'. ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ ಮಾಡಿದ ಒಬ್ಬ ಹುಡುಗ ಇಲ್ಲದ ಮನುಷ್ಯನ ಅಭಿಪ್ರಾಯವನ್ನೂ ಬರೆದಿದ್ದ: "ಎಣ್ಣೆ ಚೊಲೊ ಐತಿ, ಚಾದರ ಸ್ವಲ್ಪ ಸಣ್ಣದಾತು". ಓದಿ ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ಅವನು ಕೆಟ್ಟವನೇನಲ್ಲ. ಫಾರ್ಮಿನಲ್ಲಿ ಜಾಗ ಖಾಲಿ ಬಿಟ್ಟರೆ ಮಾರ್ಕ್ಸ್ ಹೋಗುತ್ತೆ ಅಂತ ನಾವೇ ಸ್ಕೂಲಿಂದ ಕಲಿಸಿದ್ದೀವಿ ಅಲ್ವಾ.

ನೇಕಾರರ ಓಣಿಗೆ ಹೋದವರಲ್ಲಿ ಒಬ್ಬಳು ಹನ್ನೊಂದು ತುಂಬಿದ್ದಳು. ಪಕ್ಕದ ಊರಿನವಳು, ಪಿಯುಸಿ ಆಗಿದೆ. ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು, ಆ ಮಷೀನೂ ಹೊಳೆ ಪಾಲಾಗಿದೆ. ಸುಳ್ಳು ಹೆಸರು ಒಂದರ ಮುಂದೆ 'ಇಂಥವರು ಇಲ್ಲ' ಅಂತ ನೀಟಾಗಿ ಬರೆದಿದ್ದಳು. ಇನ್ನೊಂದು ಸುಳ್ಳು ಹೆಸರು ಯಲ್ಲವ್ವ. ಅದರ ಮುಂದೆ ಮಾತ್ರ ಉತ್ತರ ಇತ್ತು: 'ಕಿಟ್ ಬಂದಿಲ್ಲ'.

ನನಗೆ ಸಿಟ್ಟು ಬಂತು. ಅರ್ಧ ನಿಜ ಅರ್ಧ ಸುಳ್ಳು ಬರೆಯೋರು ಪೂರ್ತಿ ಸುಳ್ಳಿನವರಿಗಿಂತ ಅಪಾಯ ಅನ್ನಿಸಿತು. "ಈ ಯಲ್ಲವ್ವ ಅನ್ನೋರು ಊರಲ್ಲೇ ಇಲ್ಲಮ್ಮ, ನಾನೇ ಬರೆದ ಹೆಸರು" ಅಂತ ಎಲ್ಲರ ಮುಂದೆ ಜೋರಾಗಿಯೇ ಹೇಳಿದೆ. ಅವಳು ಹೆದರಲಿಲ್ಲ.

"ಅದಾಳ್ರೀ ಅಕ್ಕಾರ. ಬರ್ರಿ, ತೋರಸ್ತೀನಿ."

ಹೋದೆ. ಮಗ್ಗದ ಮನೆ ಹಿಂದೆ ಒಂದು ತಗಡಿನ ಮರೆ. ಮಗ್ಗದ ಕುಣಿಯಲ್ಲಿ ಇನ್ನೂ ಕೆಸರು, ಮೇಲೆ ಒದ್ದೆ ನೂಲು ಒಣಹಾಕಿದ್ದಾರೆ, ಅದರ ವಾಸನೆ. ಮರೆಯಲ್ಲಿ ಎಪ್ಪತ್ತು ದಾಟಿದ ಮುದುಕಿ. ಹೆಸರು ಯಲ್ಲವ್ವ. ಸವದತ್ತಿ ಯಲ್ಲಮ್ಮನ ಗುಡ್ಡ ಇಷ್ಟು ಹತ್ತಿರ ಇರೋ ಸೀಮೆಯಲ್ಲಿ ಯಲ್ಲವ್ವ ಅಂತ ಹೆಸರು ಹುಟ್ಟಿಸಿ, ಅಂಥವಳು ಇಲ್ಲ ಅಂದುಕೊಂಡ ನನ್ನ ಬುದ್ಧಿಗೆ ಏನನ್ನಬೇಕು! ನಾನು ತುಮಕೂರು ಕಡೆಯವಳು ಅನ್ನೋದೊಂದು ನೆಪ.

ಕಿಟ್ ನಿಜವಾಗಿಯೂ ಬಂದಿರಲಿಲ್ಲ. ಯಾರೂ ಕದ್ದಿಲ್ಲ. ನಮ್ಮ ಪಟ್ಟಿ ಮಾಡಿದ್ದು ರೇಷನ್ ಕಾರ್ಡ್ ನೋಡಿ. ಅಜ್ಜಿಯ ಹೆಸರು ಮಗನ ಕಾರ್ಡಿನಲ್ಲಿದೆ. ಮಗ ಹೆಂಡತಿ ಮಕ್ಕಳ ಜೊತೆ ಇಚಲಕರಂಜಿಯ ಪವರ್‌ಲೂಮಿಗೆ ಹೋಗಿ ಎರಡು ವರ್ಷ ಆಯಿತು, ಕಾರ್ಡೂ ಅಲ್ಲೇ. ಕಿಟ್ ಕೊಡುವ ದಿನ ಅಜ್ಜಿ ಸಾಲಿನಲ್ಲಿ ನಿಂತಿದ್ದಳಂತೆ. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಯಾರೋ ಸರಿಸಿದರಂತೆ. ಯಾರು ಅಂತ ಕೇಳಲಿಲ್ಲ. ಆ ದಿನ ಮೈಕ್ ನನ್ನ ಕೈಯಲ್ಲೂ ಸ್ವಲ್ಪ ಹೊತ್ತು ಇತ್ತು.

ವಾಪಸ್ ಬರುವಾಗ ಆ ಹುಡುಗಿಗೆ ಕೇಳಿದೆ, ಅಜ್ಜಿ ಹೇಗೆ ಸಿಕ್ಕಳು ಅಂತ. "ಹೆಸರು ಹಿಡ್ಕೊಂಡು ಮನಿಮನಿ ಹೋಗ್ಲಿಲ್ರೀ. ಮೊದ್ಲ ನಳದ ಹತ್ರ ನಿಂತು ಯಾರಿಗೆ ಬಂದಿಲ್ಲ ಅಂತ ಕೇಳಿದೆ. ಬಂದೋರ್ದು ನಿಮ್ಮ ಕಡೆ ಬರದೈತಲ್ರೀ?"

ಈ ಕೆಲಸದಲ್ಲಿ ಏಳು ವರ್ಷ ಆಯಿತು ನನಗೆ. ನೆರವು ಕನಿಷ್ಠ ಎಷ್ಟಿರಬೇಕು ಅಂತ ಹೇಳೋ ಸ್ಫಿಯರ್ ಕೈಪಿಡಿ ಇಟ್ಟುಕೊಂಡು ತರಬೇತಿ ಕೊಟ್ಟಿದ್ದೀನಿ. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಇಪ್ಪತ್ತು ಜನಕ್ಕೆ ಒಂದು ಶೌಚಾಲಯ, ಎಲ್ಲ ಬಾಯಿಪಾಠ. ನಳದ ಹತ್ತಿರ ನಿಲ್ಲಬೇಕು ಅಂತ ಹೊಳೆದಿರಲಿಲ್ಲ.

ಸಂಜೆ ಮ್ಯಾನೇಜರ್ ಜೊತೆ ಫೋನಿನಲ್ಲಿ ಒಂದು ಸುತ್ತು ವಾದ ಆಯಿತು. ಪಟ್ಟಿಯ ಬಗ್ಗೆ ರಿಪೋರ್ಟಿನಲ್ಲಿ ಬರೆಯೋದಾ ಬೇಡ್ವಾ ಅಂತ. ಅವರಿಗೆ ದೇಣಿಗೆ ನಿಲ್ಲುತ್ತೆ ಅನ್ನೋ ಭಯ. ನಾನು ಯೆಮೆನ್ ಕಥೆ ಹೇಳಿದೆ. ಅಲ್ಲಿನ ರಾಜಧಾನಿ ಸನಾದಲ್ಲಿ ಹಂಚಬೇಕಾದ ಆಹಾರ ಪೇಟೆಯಲ್ಲಿ ಮಾರಾಟಕ್ಕೆ ಬಂದಿದೆ ಅಂತ ದೂರು ಜಾಸ್ತಿ ಆದಾಗ, ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಪಟ್ಟಿಯಲ್ಲಿರುವ ಜನರನ್ನೇ ಕೇಳಿದರು. ಎಷ್ಟೋ ಮಂದಿಗೆ ರೇಷನ್ ಮುಟ್ಟೇ ಇರಲಿಲ್ಲ. ಅದನ್ನು ಅವರೇ ಹೊರಗೆ ಹೇಳಿದರು, 2018ರ ಡಿಸೆಂಬರ್‌ನಲ್ಲಿ. ಈ ಜೂನ್‌ನಲ್ಲಿ ಸನಾದಲ್ಲಿ 8,50,000 ಜನರ ಆಹಾರ ಹಂಚಿಕೆ ನಿಲ್ಲಿಸಿದರು. ಅಪೌಷ್ಟಿಕ ಮಕ್ಕಳದು, ಬಸುರಿ ಬಾಣಂತಿಯರದು ಮಾತ್ರ ನಡೆಯಿತು. ಒಪ್ಪಂದ ಆಗಿ ಆಗಸ್ಟ್‌ನಲ್ಲಿ ಮತ್ತೆ ಶುರು ಮಾಡಿದ್ದಾರೆ. ನಿಲ್ಲಿಸಿದ್ದು ಸರಿಯಾ ಅನ್ನೋದರಲ್ಲಿ ನನಗೇ ಅನುಮಾನ ಇದೆ, ಆ ಎರಡು ತಿಂಗಳು ಹಸಿದವರು ಕದ್ದವರಲ್ಲವಲ್ಲ. ಆದರೆ ಮುಚ್ಚಿಡಲಿಲ್ಲ. "ಅವರು ದೊಡ್ಡವರು, ನಾವು ಸಣ್ಣವರು" ಅಂದರು ಮ್ಯಾನೇಜರ್. ಸಣ್ಣವರಿಗೆ ಒಂದು ಅಜ್ಜಿ ಲೆಕ್ಕ ಕೊಡೋದು ಸುಲಭ ಅಲ್ವಾ ಸರ್ ಅಂದೆ. ಒಪ್ಪಿದರು, ಅರೆಮನಸ್ಸಿನಿಂದ.

ಪೇಟೆ ಅಂದಾಗ ನೆನಪಾಯಿತು. ಮೊನ್ನೆ ಸಂತೆಯಲ್ಲಿ ನಮ್ಮ ಚಾದರ ಒಂದು ಮಾರಾಟಕ್ಕಿತ್ತು. ಹುಡುಗರಲ್ಲಿ ಒಬ್ಬ ಫೋಟೊ ಹೊಡೆದು ಕಳಿಸಿದ, ಕಳ್ಳ ಸಿಕ್ಕ ಅನ್ನೋ ಹುಮ್ಮಸ್ಸು. ಹೋಗಿ ಕೇಳಿದರೆ ಮಾರುತ್ತಿದ್ದವಳಿಗೆ ಬೇರೆ ಬೇರೆ ಕಡೆಯಿಂದ ಐದು ಚಾದರ ಬಂದಿವೆ. ಹೆದ್ದಾರಿ ಪಕ್ಕದ ಊರು, ಎಲ್ಲ ಲಾರಿಗಳೂ ಅಲ್ಲೇ ನಿಂತಿವೆ. ಗಂಡನ ಬಿಪಿ ಮಾತ್ರೆಗೆ ದುಡ್ಡು ಬೇಕಿತ್ತು. ಹೊಸಬರಿಗೆ ನಾಳೆ ಮೊದಲು ಹೇಳಬೇಕಾದ ಮಾತು ಇದು: ಮೊದಲು ಕೇಳಿ, ಫೋಟೊ ಆಮೇಲೆ. ಎರಡನೆಯದು, ಜೋಳ ಬಂತಾ ಬೇಳೆ ಬಂತಾ ಅಂತ ಬಾಯಿಗೆ ಉತ್ತರ ಹಾಕಬೇಡಿ. ಹೂಂ ಹೂಂ ಅಂತಾರೆ, ಅಷ್ಟೇ. ಏನೇನು ಬಂತು ಅಂತ ಕೇಳಿ ಸುಮ್ನೆ ಕೂತುಕೊಳ್ಳಿ.

ಹಾಗೆ ಸುಮ್ನೆ ಕೂತವರಿಗೇ ಜೋಳದ ವಿಷಯ ಗೊತ್ತಾಗಿದ್ದು. ಬೆಂಗಳೂರಿನಿಂದ ಬಂದವರೆಲ್ಲ ಅಕ್ಕಿ ಕೊಟ್ಟರು, ನಾವು ಮಾತ್ರ ಇಲ್ಲಿನವರ ಊಟ ನೋಡಿ ಜೋಳ ಕೊಟ್ಟೆವು ಅಂತ ನನಗೊಂದು ಹೆಮ್ಮೆ ಇತ್ತು. "ಜ್ವಾಳೇನೋ ಕೊಟ್ರಿ, ಬೀಸೂದೆಲ್ಲಿ? ಗಿರಣ್ಯಾಗ ನೀರು ಹೊಕ್ಕೇತಿ" ಅಂದಳಂತೆ ಒಬ್ಬಳು. ಹಿಟ್ಟಿನ ಗಿರಣಿಯ ಮೋಟರ್ ಸುಟ್ಟು ತಿಂಗಳಾಗಿದೆ. ಜೋಳ ಚೀಲದಲ್ಲೇ ಇದೆ. ನಾಲ್ಕು ಮನೆಯಲ್ಲಿ ಇದೇ ಉತ್ತರ. ಹೆಬ್ಬೆಟ್ಟಿನ ಪಟ್ಟಿಯಲ್ಲಿ ಇದು ಯಾವ ಕಾಲಮ್ಮಿಗೆ ಬರುತ್ತೆ?

ಇನ್ನೊಂದು ತಲೆನೋವು, ನಮ್ಮವರನ್ನು ಎಲ್ಲರೂ ಸರ್ವೆಯವರು ಅಂದುಕೊಳ್ಳುತ್ತಾರೆ. ಪೂರ್ತಿ ಬಿದ್ದ ಮನೆಗೆ, ಅಂದರೆ ಎ ಕೆಟಗರಿಗೆ, ಸರ್ಕಾರ 5 ಲಕ್ಷ ಅಂದಿದೆ. ಕಾಗದ ಪೆನ್ನು ಕಂಡರೆ ಸಾಕು, "ನಮ್ಮ ಮನಿ ಎ ಕೆಟಗರಿಗೆ ಹಾಕ್ರಿ" ಅಂತ ಕೈ ಹಿಡಿಯುತ್ತಾರೆ. ಅಲ್ಲ ಅಂತ ಹೇಳಿದರೆ ಮುಖ ಬಾಡುತ್ತೆ. ಆಮೇಲೆ ಚಾದರದ ಪ್ರಶ್ನೆಗೆ ಯಾರಿಗೆ ಉತ್ತರ ಕೊಡೋ ಮನಸ್ಸಿರುತ್ತೆ?

ಆರು ಜನ ಆಯ್ಕೆಯಾದರು. ನಾಲ್ವರು ಹೆಂಗಸರು. ಯಾರಿಗೂ ಸ್ವಂತ ಊರಿನ ಪಾಳಿ ಇಲ್ಲ. ಬ್ಲೌಸ್ ಹೊಲಿಯುವ ಹುಡುಗಿಗೆ ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ತಪ್ಪಾಯಿತು ಅಂದೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮತ್ತೆ ನೀರು ಬಿಟ್ಟು ರಸ್ತೆ ಬಂದಾದರೆ ಆ ದಿನದ ಪಗಾರ ಹಿಡೀತೀರೇನು ಅಂತ ಕೇಳಿದಳು. ಹಿಡಿಯಲ್ಲ ಅಂತ ಬರೆದು ಕೊಟ್ಟೆ.

ಇವತ್ತು ಬೆಳಗ್ಗೆ ಒಂದು ಕಿಟ್ ತಗೊಂಡು ಹೋದೆ. ಜೋಳ ತೆಗೆದು ಹಿಟ್ಟಿನ ಪಾಕೀಟು ಇಟ್ಟಿದ್ದೆ. ಅಜ್ಜಿ ಹೆಬ್ಬೆಟ್ಟು ಒತ್ತುವ ಮುಂಚೆ ಪಟ್ಟಿ ಓದಿ ಹೇಳು ಅಂದಳು. ಓದಿದೆ. ನಾನು ಹುಟ್ಟಿಸಿದ ಯಲ್ಲವ್ವನಿಗೆ ನಾನೇ ಒಬ್ಬ ಗಂಡನನ್ನೂ ಹುಟ್ಟಿಸಿದ್ದೆ. "ಅಂವ ಯಾರವ್ವಾ?" ಅಂತ ಕೇಳಿ ಬೊಚ್ಚುಬಾಯಿ ತೆರೆದು ನಕ್ಕಳು. ಅವನನ್ನು ಹೊಡೆದುಹಾಕಿ ಅವಳು ಹೇಳಿದ ಹೆಸರು ಬರೆದುಕೊಂಡೆ.