ಬೀರುವಿನ ಬೀಗ ತೆಗೆದರೆ ಗ್ರಂಥಾಲಯದ ವರ್ಷ ಶುರು

ಮನೆ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರಗಳ ಜೊತೆಗೆ ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತದೆ. ತೆರಿಗೆಯ ಶೇ 6. ಸಾವಿರ ರೂಪಾಯಿ ತೆರಿಗೆ ಬೀಳುವ ಮನೆಯಿಂದ ವರ್ಷಕ್ಕೆ 60 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಊರಿನವರು ಮೊದಲೇ ಹಣ ಕಟ್ಟಿಟ್ಟ ಪುಸ್ತಕಗಳು ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿರುವುದನ್ನು ನೋಡಿದಾಗಲೆಲ್ಲ ಈ 60 ರೂಪಾಯಿ ನೆನಪಾಗುತ್ತದೆ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅನ್ನುವ ಹೆಸರಿದೆ. ಗೋಡೆಗೆ ಚಿತ್ರ, ಮಕ್ಕಳ ಎತ್ತರಕ್ಕೆ ಮೇಜು, ಎಷ್ಟೋ ಕಡೆ ಕಂಪ್ಯೂಟರ್ ಕೂಡ ಬಂದಿವೆ. ಎಲ್ಲವೂ ಬೇಕಾಗಿದ್ದವೇ. ಆದರೂ ವರ್ಷದ ಕೊನೆಗೆ ಒಂದು ಗ್ರಂಥಾಲಯ ಹೇಗೆ ನಡೆದಿದೆ ಅಂತ ತಿಳಿಯಬೇಕಾದರೆ ನಾನು ಮೊದಲು ತೆರೆಯುವುದು ಎರವಲು ವಹಿಯನ್ನು. ಎಷ್ಟು ಪುಸ್ತಕ ಬಂದವು ಅನ್ನುವುದಕ್ಕಿಂತ ಎಷ್ಟು ಪುಸ್ತಕ ಮನೆಗೆ ಹೋಗಿಬಂದವು ಅನ್ನುವುದೇ ನಿಜವಾದ ಲೆಕ್ಕ.

ಬೀಗಕ್ಕೆ ಕಾರಣ ಸೋಮಾರಿತನ ಅಲ್ಲವೇ ಅಲ್ಲ, ಭಯ. ಪುಸ್ತಕ ಕಳೆದರೆ ಗ್ರಂಥಾಲಯದ ಮೇಲ್ವಿಚಾರಕರೇ ಕೈಯಿಂದ ಕಟ್ಟಬೇಕಾದೀತು, ಆಡಿಟ್‌ನಲ್ಲಿ ಆಕ್ಷೇಪಣೆ ಬಿದ್ದೀತು ಎಂಬ ಭಯ. ಈ ಭಯಕ್ಕೆ ಲೆಕ್ಕದಲ್ಲೇ ಉತ್ತರ ಇದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017, ನಿಯಮ 215ರ ಪ್ರಕಾರ, ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಕೂತು ನೋಡಿದ ಪ್ರತಿ 1,000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು, ಅಷ್ಟೆ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ತನಿಖೆ ಆಗಲೇಬೇಕು. ಈ ನಿಯಮ ಕೇಂದ್ರದ ಕಚೇರಿಗಳಿಗೆ ಮಾಡಿದ್ದು. ಪಂಚಾಯಿತಿಯೂ ಇದೇ ಅಳತೆಯನ್ನು ಒಪ್ಪಿ ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯ ಬರೆಸಿಟ್ಟುಕೊಂಡರೆ ಮೇಲ್ವಿಚಾರಕರಿಗೆ ಎಷ್ಟೋ ಧೈರ್ಯ ಬರುತ್ತದೆ.

ಲೆಕ್ಕ ಮಾಡಿ ನೋಡಿ. ವರ್ಷಕ್ಕೆ 8,000 ಸಲ ಪುಸ್ತಕ ಓಡಾಡಿದ ಕಡೆ 40 ಪುಸ್ತಕ ಕಳೆದರೂ ಸಹಜ. ವರ್ಷಕ್ಕೆ 200 ಸಲ ಮಾತ್ರ ಕೊಟ್ಟಿದ್ದರೆ ಒಂದೇ ಒಂದು. ಹೆಚ್ಚು ಕೊಟ್ಟಷ್ಟೂ ರಕ್ಷಣೆ ಹೆಚ್ಚು. ಅಲ್ಲೇ ಓದಿದ ಪುಸ್ತಕವೂ ಲೆಕ್ಕಕ್ಕೆ ಸೇರುವುದರಿಂದ ಅದನ್ನು ಬಿಡಬಾರದು. ಮೇಜಿನ ಪಕ್ಕ ಒಂದು ಬುಟ್ಟಿ ಇಟ್ಟು ‘ಓದಿದ ಪುಸ್ತಕ ಇಲ್ಲಿಡಿ’ ಅಂತ ಬರೆದರೆ ಸಾಕು. ಸಂಜೆ ಬಾಗಿಲು ಹಾಕುವ ಮುಂಚೆ ಎಣಿಸಿ, ಅಂದಿನ ದಿನಾಂಕದ ಮುಂದೆ ಸಂಖ್ಯೆ ಬರೆದು, ಆಮೇಲೆ ಕಪಾಟಿಗೆ ಸೇರಿಸಬೇಕು. ಓದುಗರೇ ಪುಸ್ತಕವನ್ನು ಕಪಾಟಿಗೆ ವಾಪಸ್ ಇಟ್ಟರೆ ಎಣಿಕೆಯೂ ತಪ್ಪುತ್ತದೆ, ಜಾಗವೂ ತಪ್ಪುತ್ತದೆ. ಜಾಗ ತಪ್ಪಿದ ಪುಸ್ತಕ ಕಳೆದ ಪುಸ್ತಕಕ್ಕೆ ಸಮ.

ವಾರ್ಷಿಕ ತಪಾಸಣೆಯನ್ನು ಮಾರ್ಚ್ 31ರ ಲೆಕ್ಕಕ್ಕೆ ಹೊಂದಿಸುವುದು ಒಳ್ಳೆಯದು. ಮೂರು ಸಾವಿರ ಪುಸ್ತಕ ಇದ್ದರೆ ಇಬ್ಬರಿಗೆ ಎರಡು ದಿನದ ಕೆಲಸ. ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಕೊಟ್ಟು ಬರೆದಿಡುವ ದಾಖಲಾತಿ ವಹಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಪುಸ್ತಕ ಹುಡುಕುತ್ತಾ ಹೋದರೆ ವಾರವಾದರೂ ಮುಗಿಯುವುದಿಲ್ಲ. ಚೌಕುಳಿ ಹಾಳೆಯಲ್ಲಿ 1ರಿಂದ ಕೊನೆಯ ಸಂಖ್ಯೆಯವರೆಗೂ ಬರೆದುಕೊಂಡು, ಒಬ್ಬರು ಕಪಾಟಿನ ಮುಂದೆ ನಿಂತು ಸಂಖ್ಯೆ ಕೂಗುವುದು, ಇನ್ನೊಬ್ಬರು ಹೊಡೆದುಹಾಕುವುದು. ಆಮೇಲೆ ಎರವಲು ಹೋದವು, ಬೈಂಡಿಂಗ್‌ಗೆ ಹೋದವು, ಮಕ್ಕಳು ಓದಲೆಂದು ಶಾಲೆಗೆ ಕೊಟ್ಟ ಪೆಟ್ಟಿಗೆಯಲ್ಲಿ ಇರುವವು, ಇವುಗಳ ಸಂಖ್ಯೆಯನ್ನೂ ಹೊಡೆದುಹಾಕಬೇಕು. ಉಳಿದ ಸಂಖ್ಯೆಗಳೇ ಸಿಗದ ಪುಸ್ತಕಗಳು. ಅವನ್ನು ‘ಕಳೆದಿದೆ’ ಅಂತ ಬರೆಯುವ ಮುಂಚೆ ರ‍್ಯಾಕಿನ ಹಿಂದುಗಡೆ ನೋಡಿ, ಸಂಖ್ಯೆ ಅಳಿಸಿದ ಪುಸ್ತಕಗಳ ಒಳಪುಟದ ಮೊಹರು ನೋಡಿ, ಒಂದೇ ಸಂಖ್ಯೆ ಎರಡು ಪುಸ್ತಕಕ್ಕೆ ಬಿದ್ದಿದೆಯೇ ನೋಡಿ.

ಏಪ್ರಿಲ್ ಎರಡನೇ ವಾರ ಶಾಲೆಗೆ ಬೇಸಿಗೆ ರಜೆ. ಮಕ್ಕಳು ಅತಿ ಹೆಚ್ಚು ಓದುವ ತಿಂಗಳುಗಳು ಇವೇ. ಆ ಹೊತ್ತಿಗೆ ಶಾಲೆಗೆ ಕೊಟ್ಟ ಪೆಟ್ಟಿಗೆ ವಾಪಸ್ ಬಂದಿರಬೇಕು, ಇಲ್ಲದಿದ್ದರೆ ಮುಖ್ಯ ಶಿಕ್ಷಕರ ಕೋಣೆಯಲ್ಲಿ ಮೇ ಮುಗಿಯುವವರೆಗೂ ಅದು ಬಂದ್. ಶಾಲೆಯ ಜೊತೆಗಿನ ಒಡನಾಟ ಕೆಡುವುದು ಇಂಥ ಸಣ್ಣ ವಿಷಯಕ್ಕೇ. ಸರಿಯಾಗಿ ನಡೆಯುವ ಕ್ರಮ ಹೀಗಿದೆ: 35 ಮಕ್ಕಳ ತರಗತಿಗೆ 40 ಪುಸ್ತಕ, ತಿಂಗಳಿಗೊಮ್ಮೆ ಬದಲಾವಣೆ, ಪಟ್ಟಿ ಎರಡು ಪ್ರತಿ, ಎರಡಕ್ಕೂ ತರಗತಿ ಶಿಕ್ಷಕರ ಸಹಿ. ಐದು ಪುಸ್ತಕ ಹೆಚ್ಚಿಗೆ ಯಾಕೆಂದರೆ ಕೊನೆಯಲ್ಲಿ ಆರಿಸುವ ಮಗುವಿಗೂ ಆಯ್ಕೆ ಅನ್ನುವುದು ಉಳಿಯಬೇಕು.

ಮಕ್ಕಳ ಪುಸ್ತಕ ಸಾಲದಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಮುದ್ರಿಸಿಕೊಳ್ಳಬಹುದು. 16 ಪುಟದ ಪುಸ್ತಕಕ್ಕೆ ಎ4 ಹಾಳೆ ನಾಲ್ಕೇ ಸಾಕು: ಎರಡೂ ಬದಿ ಮುದ್ರಿಸಿ, ನಡುವೆ ಮಡಚಿ, ಮಡಿಕೆಯ ಮೇಲೆ ಎರಡು ಪಿನ್. ಬರೆದವರ ಮತ್ತು ಚಿತ್ರ ಬರೆದವರ ಹೆಸರಿರುವ ಪುಟವನ್ನು ಮಾತ್ರ ಬಿಡಬಾರದು, ಪರವಾನಗಿಯ ಷರತ್ತೇ ಅದು. ಅಂಗನವಾಡಿಗೆ ಇವನ್ನೇ ಕೊಡಬಹುದು, ಹರಿದರೆ ಮತ್ತೆ ಮುದ್ರಿಸಿದರಾಯಿತು. ಸ್ತ್ರೀಶಕ್ತಿ ಸಂಘಗಳಿಗಾದರೆ ಸಂಘದ ವಾರದ ಸಭೆ ನಡೆಯುವ ಜಾಗಕ್ಕೇ ಹತ್ತು ಪುಸ್ತಕ ಹೋಗಬೇಕು. ಗ್ರಂಥಾಲಯ ತೆರೆದಿರುವ ಹೊತ್ತಿಗೆ ಅವರಿಗೆ ಹೊಲ, ಒಲೆ, ಹಾಲಿನ ಡೇರಿ ಇರುತ್ತವೆ.

ಮಳೆಗಾಲ ಬಂತೆಂದರೆ ಕೆಲಸದ ರೀತಿಯೇ ಬೇರೆ, ಮಲೆನಾಡು ಕರಾವಳಿಯಲ್ಲಂತೂ ಕೇಳಲೇಬೇಡಿ. ಕಪಾಟು ಗೋಡೆಯಿಂದ ನಾಲ್ಕು ಇಂಚು ದೂರ, ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲೆ ಇರಬೇಕು. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಿದರೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಹಾಗೆ ತುರುಕಿದ ಸಾಲಿನಿಂದ ಮಗು ಪುಸ್ತಕ ಎಳೆಯುವುದು ಬೆನ್ನಿನ ತುದಿ ಹಿಡಿದೇ, ಬೆನ್ನು ಹರಿಯುವುದೂ ಅಲ್ಲಿಂದಲೇ. ಸಾಲಿನ ಮುಕ್ಕಾಲು ಭಾಗ ತುಂಬಿದರೆ ಸಾಕು. ಸೋರಿ ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕಬಾರದು, ಹಾಳೆ ಸುರುಟಿಕೊಳ್ಳುತ್ತದೆ. ಫ್ಯಾನಿನ ಕೆಳಗೆ ಬೀಸಣಿಗೆಯ ಹಾಗೆ ಬಿಡಿಸಿ ನಿಲ್ಲಿಸಿ, ಇಪ್ಪತ್ತು ಪುಟಕ್ಕೊಂದು ನ್ಯೂಸ್ ಪೇಪರ್ ಇಟ್ಟು, ಪೇಪರ್ ಒದ್ದೆಯಾದಂತೆಲ್ಲ ಬದಲಿಸುತ್ತಿರಬೇಕು. 48 ಗಂಟೆ ದಾಟಿದರೆ ಬೂಷ್ಟು ಶುರುವಾಗುತ್ತದೆ. ಬೂಷ್ಟು ಹಿಡಿದದ್ದನ್ನು ಒಣಗಿದ ಮೇಲೆ, ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆ ಬ್ರಷ್‌ನಿಂದ ಉಜ್ಜಬೇಕು.

ರಿಪೇರಿಗೆ ಸೆಲ್ಲೋಟೇಪ್ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಕೆಲವೇ ವರ್ಷಗಳಲ್ಲಿ ಟೇಪ್ ಉದುರಿ, ಅದರ ಅಂಟು ಕಾಗದದೊಳಗೆ ಇಳಿದು ಹಳದಿ ಪಟ್ಟೆಯಾಗಿ ಉಳಿಯುತ್ತದೆ. ಮೈದಾ ಅಂಟು ಈಗಲೂ ಒಳ್ಳೆಯದು. 100 ಗ್ರಾಂ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಅರ್ಧ ಲೀಟರ್ ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಮಿರುಗಿದರೆ ಹದ ಬಂತು. ಹುಳ ಬಾರದಿರಲೆಂದು ಬೈಂಡರ್‌ಗಳು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಅಡುಗೆ ಪಾತ್ರೆ ಬಳಸಬಾರದು, ಪುಟ್ಟ ಮಕ್ಕಳು ಬಾಯಿಗಿಡುವ ಪುಸ್ತಕಕ್ಕಂತೂ ಬೇಡವೇ ಬೇಡ. ಬೆನ್ನಿನ ಅಗಲಕ್ಕಿಂತ ಎರಡು ಇಂಚು ಹೆಚ್ಚು ಅಗಲದ ಬಟ್ಟೆಯ ಪಟ್ಟಿಗೆ ಅಂಟು ತೆಳ್ಳಗೆ ಸವರಿ, ಬೆನ್ನಿಗೆ ಹಚ್ಚಿ, ಎರಡೂ ಬದಿಗೆ ಒಂದೊಂದು ಇಂಚು ಮಡಚಿ ಒತ್ತಿ. ರಟ್ಟಿನ ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಭಾರ ಹೇರಿದರೆ ಬೆಳಗಿನ ಹೊತ್ತಿಗೆ ಸಿದ್ಧ, ಮಳೆಗಾಲದಲ್ಲಿ ಇನ್ನೊಂದು ದಿನ ಬೇಕು. ಬಿಡಿಬಿಡಿಯಾದ ಹಾಳೆಗಳನ್ನು ಬದಿಯಿಂದ ಹೊಲಿಯುವುದು ಕೊನೆಯ ಉಪಾಯ. ನಮ್ಮ ಪುಸ್ತಕಗಳ ಒಳ ಅಂಚು ಚಿಕ್ಕದು, ಹೊಲಿಗೆ ಅಕ್ಷರಗಳನ್ನೇ ನುಂಗಿಬಿಡುತ್ತದೆ.

ಇದಕ್ಕಿಂತ ಸುಲಭದ ದಾರಿ ಹೊಸ ಪುಸ್ತಕ ಬಂದ ದಿನವೇ ಇದೆ. ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಮೊದಲು ಎರಡೂ ರಟ್ಟು ಬಿಡಿಸಿ, ಆಮೇಲೆ ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಹೀಗೆ ನಡುವಿನವರೆಗೆ ಮೆಲ್ಲಗೆ ಒತ್ತುತ್ತಾ ಬನ್ನಿ. ಅಂಟಿನ ಬೈಂಡಿಂಗ್ ಬಿರುಕು ಬಿಡುವುದು ಯಾರಾದರೂ ಮೊದಲ ಸಲ ಥಟ್ಟನೆ ನಡುಪುಟ ತೆರೆದಾಗ. ಈ ಐದು ನಿಮಿಷದ ಕೆಲಸ ಪುಸ್ತಕಕ್ಕೆ ವರ್ಷಗಟ್ಟಲೆ ಆಯಸ್ಸು ಕೊಡುತ್ತದೆ.

ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಹಾರ, ಭಾಷಣ ಇರಲಿ, ಆದರೆ ಆ ವಾರ ಸದಸ್ಯತ್ವದ ಅರ್ಜಿ ಹಿಡಿದು ಸಂತೆಯಲ್ಲಿ ಒಂದು ಮೇಜು ಹಾಕಿ ಕೂತರೆ ಹೆಚ್ಚು ಪ್ರಯೋಜನ. ಅದಕ್ಕೂ ಮುಂಚೆ ಆಗಸ್ಟ್ 12 ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ. ಅವರು ಕೊನೆಗಾಲದಲ್ಲಿ ನೆಲೆಸಿದ್ದು, 1972ರಲ್ಲಿ ತೀರಿಕೊಂಡಿದ್ದು ನಮ್ಮ ಬೆಂಗಳೂರಿನಲ್ಲೇ. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಕೆಗೆ ಅನ್ನುವುದು. ಯುರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದರು. ನಮ್ಮಲ್ಲಿ ಆ ಕೆಲಸವನ್ನು ಬೀರುವಿನ ಬೀಗ ಮಾಡುತ್ತಿದೆ.

ವರ್ಷದ ಕೊನೆಯ ಕೆಲಸ, ಹಿಂಬದಿ ರಟ್ಟಿನಲ್ಲಿ ಎರವಲು ಕೊಟ್ಟಾಗಲೆಲ್ಲ ಮೊಹರು ಹಾಕುವ ದಿನಾಂಕ ಚೀಟಿ ನೋಡುವುದು. ಮೂರು ವರ್ಷದಿಂದ ಒಂದೂ ಮೊಹರು ಬೀಳದ ಪುಸ್ತಕಗಳನ್ನು ಬೇರೆ ಮಾಡಿ, ಬಾಗಿಲ ಹತ್ತಿರ ಮುಖಪುಟ ಕಾಣುವ ಹಾಗೆ ಒಂದು ತಿಂಗಳು ಇಡಿ. ಅರ್ಧಕ್ಕರ್ಧ ಪುಸ್ತಕ ಯಾರಿಗೂ ಬೇಡವಾದವಲ್ಲ, ಯಾರ ಕಣ್ಣಿಗೂ ಬೀಳದವು. ಆಗಲೂ ಹೋಗದಿದ್ದರೆ ಪಂಚಾಯಿತಿ ನಿರ್ಣಯದ ಸಂಖ್ಯೆ, ದಿನಾಂಕ ಬರೆದು ವಹಿಯಿಂದ ತೆಗೆಯಬಹುದು. ಹಳೆಯ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಮೊದಲು ಹೋಗಲಿ, ಹಳೆಯ ಪ್ರಚಲಿತ ವಿದ್ಯಮಾನ ಓದಿ ಪರೀಕ್ಷೆಗೆ ಕೂತರೆ ಹುಡುಗರಿಗೇ ನಷ್ಟ. ಆದರೆ ಊರ ಶಾಲೆಯ ಅಮೃತ ಮಹೋತ್ಸವದ ಸ್ಮರಣ ಸಂಚಿಕೆ, ಜಾತ್ರೆಯ ಇತಿಹಾಸ ಬರೆದ ತೆಳು ಪುಸ್ತಿಕೆ, ಜಿಲ್ಲಾ ಗೆಜೆಟಿಯರ್, ಸ್ಥಳೀಯರೊಬ್ಬರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನ ಇವುಗಳ ಚೀಟಿ ಹತ್ತು ವರ್ಷ ಖಾಲಿ ಇದ್ದರೂ ತೆಗೆಯಬೇಡಿ. ಬೇರೆಲ್ಲೂ ಇನ್ನೊಂದು ಪ್ರತಿ ಸಿಗದಿರಬಹುದು. ಬೀರುವಿಗೆ ಬೀಗ ಹಾಕಲೇಬೇಕು ಅನ್ನಿಸಿದರೆ ಇವಿಷ್ಟಕ್ಕೆ ಹಾಕಿ, ಬೀಗದ ಕೈ ಮಾತ್ರ ಕೇಳಿದ ತಕ್ಷಣ ಸಿಗುವಂತೆ ಮೇಜಿನ ಮೇಲೇ ಇರಲಿ.