ಹದಿನೇಳು ಇಂಚಿನ ಚಕ್ರಕ್ಕೆ ಗಾಳಿ ಎಷ್ಟಿರಬೇಕು?

ನನ್ನ ಕಾರಿನ ಬಾಗಿಲ ಬದಿಯ ಚೀಟಿಯಲ್ಲಿ 33 ಪಿಎಸ್‌ಐ ಎಂದು ಬರೆದಿದೆ (ಪಿಎಸ್‌ಐ ಎಂದರೆ ಗಾಳಿಯ ಒತ್ತಡ ಅಳೆಯುವ ಮಾನ). ಕಾರಿನ ಜೊತೆಗೆ ಬಂದಿದ್ದ 185/65 ಆರ್15 ಟೈರ್‌ಗಳನ್ನು ತೆಗೆಸಿ 205/45 ಆರ್17 (ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಗೋಡೆಯ ಎತ್ತರವೆಂದು, ಕೊನೆಯದು ಚಕ್ರದ ವ್ಯಾಸ ಇಂಚಿನಲ್ಲಿ) ಹಾಕಿಸಿದ ದಿನ, ಅಂಗಡಿಯವರು ಅದೇ ಚೀಟಿ ನೋಡಿ 33 ತುಂಬಿಸಿ ಕಳುಹಿಸಿದರು. ನಾನೂ ಅದೇ ಸರಿಯೆಂದು ನಂಬಿದೆ. ಎರಡು ತಿಂಗಳೊಳಗೆ ಶಿರಾಡಿ ಘಾಟಿಯಲ್ಲಿ ಮುಂದಿನ ಎಡಚಕ್ರ ಒಂದು ಗುಂಡಿಗೆ ಬಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಟೈರಿನ ಪಕ್ಕದ ಗೋಡೆಯಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬು ಎದ್ದಿತ್ತು. ಅಂದರೆ ಒಳಗಿನ ಎಳೆಗಳು ತುಂಡಾಗಿದ್ದವು, ಆ ಟೈರನ್ನು ಎಸೆಯುವುದೊಂದೇ ದಾರಿ.

ಚೀಟಿಯಲ್ಲಿರುವ ಅಂಕಿ ಕಾರಿನ ಜೊತೆಗೆ ಬಂದ ಅಳತೆಯ ಟೈರಿಗಷ್ಟೇ ಸಲ್ಲುತ್ತದೆ. ಕಾರಿನ ಭಾರವನ್ನು ಬಹುಮಟ್ಟಿಗೆ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಹಳೆಯ ಟೈರಿನ ಗೋಡೆಯ ಎತ್ತರ 120 ಮಿಲಿಮೀಟರ್ ಇದ್ದರೆ ಹೊಸದರದ್ದು 92; ಗಾಳಿಗೆ ಜಾಗ ಕಡಿಮೆಯಾದಷ್ಟೂ ಅದೇ ಭಾರ ಹೊರಲು ಹೆಚ್ಚು ಒತ್ತಡ ಬೇಕಾಗುತ್ತದೆ.

ನಾನು ಮೋಸಹೋದದ್ದು ಇನ್ನೂ ಸೂಕ್ಷ್ಮವಾದ ಒಂದು ವಿಷಯದಲ್ಲಿ. ಹಳೆಯ ಟೈರಿನ ಮೇಲೂ ಹೊಸದರ ಮೇಲೂ ಭಾರಸೂಚ್ಯಂಕ 88 ಎಂದೇ ಅಚ್ಚಾಗಿತ್ತು, ಅಂದರೆ ಒಂದು ಟೈರು ಹೆಚ್ಚೆಂದರೆ 560 ಕಿಲೋ ಹೊರಬಲ್ಲದು. ಆದರೆ ಹೊಸದರಲ್ಲಿ 88ರ ಜೊತೆಗೆ ಎಕ್ಸ್‌ಎಲ್ ಎಂಬ ಎರಡಕ್ಷರವೂ ಇತ್ತು, ಅಂದರೆ ಹೆಚ್ಚಿನ ಒತ್ತಡದಲ್ಲಿ ಹೆಚ್ಚು ಭಾರ ಹೊರಲು ಮಾಡಿದ ಟೈರು. ಯುರೋಪಿನ ಮಾನದಂಡದ ಪ್ರಕಾರ ಸಾಮಾನ್ಯ ಟೈರಿನ ಸಾಮರ್ಥ್ಯವನ್ನು 36 ಪಿಎಸ್‌ಐನಲ್ಲಿ ಲೆಕ್ಕ ಹಾಕುತ್ತಾರೆ, ಎಕ್ಸ್‌ಎಲ್ ಟೈರಿನದ್ದನ್ನು 42ರಲ್ಲಿ. ಹಾಗಾಗಿ 33 ತುಂಬಿಸಿದಾಗ ಹಳೆಯದು ಸುಮಾರು 520 ಕಿಲೋ ಹೊರುತ್ತಿತ್ತು, ಹೊಸದು 460ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಒತ್ತಡದ ಅನುಪಾತಕ್ಕೆ 0.8 ಘಾತ ಹಾಕುವ ಸೂತ್ರದಿಂದ ಕೂತು ಲೆಕ್ಕ ಮಾಡಿದಾಗ, ಹಳೆಯ 520 ಕಿಲೋ ಮರಳಿ ಸಿಗಲು 38 ಪಿಎಸ್‌ಐ ಬೇಕೆಂದು ತಿಳಿಯಿತು. ಅಂದಿನಿಂದ 38ನ್ನೇ ಇಟ್ಟುಕೊಂಡಿದ್ದೇನೆ.

ಇದೇ ಕಾರಿಗೆ 195/55 ಆರ್16 ಹಾಕಿಸಿದ್ದರೆ 35ರಲ್ಲೇ ಕೆಲಸ ಮುಗಿಯುತ್ತಿತ್ತು, ಗೋಡೆಯೂ 107 ಮಿಲಿಮೀಟರ್ ಉಳಿಯುತ್ತಿತ್ತು. ನಮ್ಮ ರಸ್ತೆಗಳಿಗೆ ಅದೇ ಒಳ್ಳೆಯ ಆಯ್ಕೆಯೆಂದು ಈಗ ನನಗೆ ಖಚಿತವಾಗಿದೆ.

ಟೈರಿನ ಗೋಡೆಯ ಮೇಲೆ 51 ಪಿಎಸ್‌ಐ ಎಂದು ಕಂಡರೆ ಅದು ಮೀರಬಾರದ ಮಿತಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ. ಅಷ್ಟು ತುಂಬಿಸಿದರೆ ನಡುಭಾಗ ಮಾತ್ರ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತವೂ ತಗ್ಗುತ್ತದೆ.

ಈ ಅಂಕಿಗಳೆಲ್ಲ ತಣ್ಣಗಿರುವ ಟೈರಿಗೆ ಸೇರಿದವು. ಆದ್ದರಿಂದ ನಾನು ಸಣ್ಣದೊಂದು ಗೇಜ್ ಕೊಂಡು, ಬೆಳಿಗ್ಗೆ ಕಾರು ಹೊರಡುವ ಮೊದಲೇ ಮನೆಯಲ್ಲಿ ಅಳೆಯುತ್ತೇನೆ. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ ಬಂಕಿಗೆ ಹೋದರೆ ಅದೇ 38 ಅಲ್ಲಿ 41 ಅಥವಾ 42 ತೋರಿಸುತ್ತದೆ. ಹೆಚ್ಚಾಗಿದೆಯೆಂದು ಹುಡುಗ ಗಾಳಿ ಬಿಡಲು ಹೊರಟರೆ ತಡೆಯಿರಿ, ಏಕೆಂದರೆ ಮರುದಿನ ಬೆಳಿಗ್ಗೆ ಅದು 35ಕ್ಕೆ ಇಳಿದಿರುತ್ತದೆ.